ದೇವರ ಸಾರ್ವಭೌಮತ್ವ ಮತ್ತು ನ್ಯಾಯತೀರ್ಪು: ಕಂಕನಾಡಿಯ ಸಂದರ್ಭ

ಸೃಷ್ಟಿಯೂ ಇತಿಹಾಸವೂ ದೇವರ ಆಳ್ವಿಕೆಗೆ ಒಳಪಟ್ಟಿವೆ ಎಂಬುದು ಕ್ರೈಸ್ತ ಧರ್ಮದ ಮೂಲ ನಂಬಿಕೆ. ಬದುಕಿರುವವರಿಗೂ ಸತ್ತವರಿಗೂ ತೀರ್ಪು ನೀಡಲು ಕ್ರಿಸ್ತ ಮತ್ತೆ ಬರುತ್ತಾನೆ ಎಂಬ ಮಾತು 325ರ ನೈಸಿಯಾ ಮಹಾಸಭೆಯ ವಿಶ್ವಾಸ ಪ್ರಮಾಣದಲ್ಲಿಯೇ ಸೇರಿತು. ಇವೆರಡರ ನಡುವೆ ಶತಮಾನಗಳಿಂದ ಕಾಡಿದ ಪ್ರಶ್ನೆಯೊಂದಿದೆ: ರೋಗವೂ ದೇವರ ತೀರ್ಪೇ?

ಬೈಬಲಿನಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ದೇವಾಲಯದಲ್ಲಿ ಧೂಪ ಹಾಕಲು ಹೋದ ಅರಸ ಉಜ್ಜೀಯನಿಗೂ ದುರಾಸೆಗೆ ಬಿದ್ದ ಪ್ರವಾದಿಯ ಸೇವಕ ಗೇಹಜಿಗೂ ಕುಷ್ಠ ಶಿಕ್ಷೆಯಾಗಿಯೇ ಬರುತ್ತದೆ. ಯೋಬನ ಗ್ರಂಥ ಈ ಲೆಕ್ಕಾಚಾರವನ್ನು ಒಪ್ಪುವುದಿಲ್ಲ. ಯೋಬನ ನೋವಿಗೆ ಪಾಪವೇ ಕಾರಣವೆಂದು ವಾದಿಸಿದ ಗೆಳೆಯರನ್ನೇ ದೇವರು ಕೊನೆಗೆ ಗದರಿಸುತ್ತಾನೆ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಕೇಳಿದ ಶಿಷ್ಯರಿಗೆ ಯೇಸು, ಅವನೂ ಅಲ್ಲ, ಹೆತ್ತವರೂ ಅಲ್ಲ ಎನ್ನುತ್ತಾನೆ.

ಮಧ್ಯಯುಗದ ಯುರೋಪಿನಲ್ಲಿ ಭಯ ಮತ್ತು ಕರುಣೆ ಜೊತೆಯಾಗಿಯೇ ಬೆಳೆದವು. ಕುಷ್ಠರೋಗಿಗಳನ್ನು ಊರಿನಿಂದ ದೂರವಿಟ್ಟರು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಅವರಿಗೂ ಚರ್ಚು, ಪಾದ್ರಿ, ಸ್ಮಶಾನ ಇರಬೇಕೆಂದು ವಿಧಿಸಿತು. ಈ ರೋಗಕ್ಕೆ ಸೂಕ್ಷ್ಮಾಣುವೇ ಕಾರಣವೆಂದು ನಾರ್ವೆಯ ವೈದ್ಯ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ.

ಆ ಶೋಧ ನಡೆದು ಕೆಲವೇ ವರ್ಷಗಳಲ್ಲಿ, 1878ರ ಕೊನೆಗೆ, ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಅವರಲ್ಲಿ ಜರ್ಮನಿಯ ಆಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಅಲ್ಲಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದ ಅವರು 1890ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠಾಶ್ರಮ ತೆರೆದರು. ಆಗ ಕುಷ್ಠವನ್ನು ಬೇರುಸಹಿತ ಕಿತ್ತುಹಾಕುವ ಔಷಧಿಯೇ ಇರಲಿಲ್ಲ. ಆಶ್ರಮ ಕೊಡಬಹುದಾಗಿದ್ದು ಸೂರು, ಊಟ, ಹುಣ್ಣುಗಳ ಆರೈಕೆ. ಮನೆಯವರೇ ಹೊರಗಿಟ್ಟವನಿಗೆ ಅದು ಸಣ್ಣ ಕೊಡುಗೆಯಲ್ಲ. 1902ರಲ್ಲಿ ಪ್ಲೇಗು ರೋಗಿಗಳಿಗೂ ಇಲ್ಲಿ ಆಸ್ಪತ್ರೆಯಾಯಿತು.

ಈ ಸೇವೆಯ ಹಿಂದೆ ತೀರ್ಪಿನ ಬೇರೊಂದು ಕಲ್ಪನೆಯಿದೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಸಿಂಹಾಸನವೇರಿದ ಅರಸ, ಹಸಿದವರಿಗೆ ಉಣ್ಣಲು ಕೊಟ್ಟವರನ್ನೂ ರೋಗಿಗಳನ್ನು ಆರೈಕೆ ಮಾಡಿದವರನ್ನೂ ಬಲಕ್ಕೆ ಕರೆಯುತ್ತಾನೆ. ಅಲ್ಲಿ ವಿಚಾರಣೆಗೆ ಗುರಿಯಾಗುವುದು ರೋಗಿಯ ಪಾಪವಲ್ಲ, ಅವನನ್ನು ಕಂಡವರ ನಡತೆ. ಸಾರ್ವಭೌಮ ದೇವರು ದೀನನ ಪಕ್ಕದಲ್ಲೇ ನಿಂತು ಲೆಕ್ಕ ಕೇಳುತ್ತಾನೆ ಎಂಬ ಈ ನೋಟ, ಭಯ ಹುಟ್ಟಿಸುವ ಯಾವುದೇ ಬೋಧನೆಗಿಂತ ಹೆಚ್ಚು ಕಟ್ಟುನಿಟ್ಟಿನದು. ಹೆಚ್ಚು ಮಾನವೀಯವೂ ಹೌದು.

ಮುಲ್ಲರ್ 1910ರಲ್ಲಿ ತೀರಿಕೊಂಡರು. ಅವರ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ, 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆಯಿತು.

ತೀರ್ಪು ನೀಡುವ ಅರಸನ ಆ ಚಿತ್ರ ಚರ್ಚಿನ ಪೂಜೆಯಲ್ಲೂ ಇದೆ. ಕ್ರಿಸ್ತ ರಾಜನ ಹಬ್ಬವನ್ನು 1925ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಸ್ಥಾಪಿಸಿದರು. 1969ರ ಸುಧಾರಣೆ ಅದನ್ನು ಪೂಜಾ ವರ್ಷದ ಕೊನೆಯ ಭಾನುವಾರಕ್ಕೆ ತಂದಿತು. ಮೂರು ವರ್ಷಕ್ಕೊಮ್ಮೆ ಆ ದಿನದ ಬಲಿಪೂಜೆಯಲ್ಲಿ ಓದುವುದು ಮತ್ತಾಯನ ಇದೇ ಭಾಗವನ್ನು.