ಅಲೆಯಂಚಿನ ರೀಲು: ಉಪ್ಪಿನೊಡನೆ ಒಂದೂವರೆ ಶತಮಾನ

ದೋಣಿಯಲ್ಲಿ ಕೂತು ಮೀನು ಹಿಡಿಯುವವರ ರೀಲಿಗೆ ಉಪ್ಪುನೀರಿನ ಹನಿ ಸಿಡಿಯುತ್ತದೆ, ಅಷ್ಟೆ. ದಡದಲ್ಲಿ ನಿಂತು ಅಲೆಗಳಾಚೆ ಗಾಳ ಬೀಸುವವರ ರೀಲು ಅಲೆಯಲ್ಲೇ ಮುಳುಗೇಳುತ್ತದೆ, ಮರಳಿನಲ್ಲಿ ಬೀಳುತ್ತದೆ, ಒದ್ದೆಯಾಗಿಯೇ ಮನೆಗೆ ಬರುತ್ತದೆ. ಉರುಳೆ ತಾನೇ ಗಿರಗಿರನೆ ತಿರುಗಿ ದಾರ ಬಿಡುವ ಕನ್ವೆನ್ಷನಲ್ ರೀಲಿನ ಚರಿತ್ರೆಯುದ್ದಕ್ಕೂ ನನಗೆ ಕಾಣುವುದು ಒಂದೇ ಸಂಗತಿ: ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ರೀಲುಗಳೇ ಇಲ್ಲಿ ಬಾಳಿವೆ.

ಹಿಡಿಯ ಒಂದು ಸುತ್ತಿಗೆ ಉರುಳೆ ಹಲವು ಸುತ್ತು ತಿರುಗುವ ಗೇರಿನ ರೀಲುಗಳನ್ನು 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ಕುಶಲಕರ್ಮಿ ಜಾರ್ಜ್ ಸ್ನೈಡರ್ ಅಚ್ಚುಕಟ್ಟಾಗಿ ಮಾಡತೊಡಗಿದ. ಅವು ಸಿಹಿನೀರಿನವು. ಉಪ್ಪುನೀರಿನ ಪರೀಕ್ಷೆ ಎದುರಾದದ್ದು ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ. 1864ರಲ್ಲಿ ಕಟಿಹಂಕ್ ದ್ವೀಪದಲ್ಲಿ ಕ್ಲಬ್ ಕಟ್ಟಿಕೊಂಡ ಸಿರಿವಂತರು ಬಂಡೆಗಳ ಮೇಲೆ ಅಟ್ಟಣಿಗೆ ಹಾಕಿಸಿ ಸ್ಟ್ರೈಪ್ಡ್ ಬಾಸ್ ಹಿಡಿಯುತ್ತಿದ್ದರು. ಅಂಥವರಿಗಾಗಿ ನ್ಯೂಯಾರ್ಕಿನ ವಾಮ್ ಹೋಫ್ ಕುಟುಂಬ ಗಟ್ಟಿ ರಬ್ಬರಿನ ಪಕ್ಕದ ತಟ್ಟೆಗಳನ್ನೂ, ತಾಮ್ರ, ಸತು, ನಿಕಲ್ ಬೆರೆತ ಜರ್ಮನ್ ಸಿಲ್ವರಿನ ಉಂಗುರಗಳನ್ನೂ ಬಳಸಿ ರೀಲು ತಯಾರಿಸಿತು. ಉಪ್ಪಿಗೆ ಬೇಗ ಬಗ್ಗದ ಜೋಡಿ ಅದು. ಕೊರತೆಯಿದ್ದದ್ದು ಬ್ರೇಕಿನಲ್ಲಿ. ಮೀನು ಎಳೆದಾಗ ಹಿಡಿಯೂ ಹಿಂದಕ್ಕೆ ಸುತ್ತಿ ಬೆರಳಿನ ಗೆಣ್ಣುಗಳನ್ನು ಜಜ್ಜುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮೀನು ಹಿಡಿಯುತ್ತಿದ್ದ ವಿಲಿಯಂ ಬೋಶೆನ್‌ನ ಕಲ್ಪನೆಯಂತೆ ತಯಾರಾದ ರೀಲಿನ ಒಳಗೇ ಡ್ರ್ಯಾಗ್, ಅಂದರೆ ಹಿಡಿ ತಿರುಗದಂತೆ ದಾರವನ್ನು ಬಿಗಿಯಾಗಿ ಬಿಡುವ ಬ್ರೇಕು, ಕೂತಿತು. 1913ರಲ್ಲಿ ಆತ ಅಲ್ಲಿನ ಕ್ಯಾಟಲಿನಾ ದ್ವೀಪದ ಬಳಿ ಅದರಲ್ಲೇ 161 ಕಿಲೋ ತೂಕದ ಕತ್ತಿಮೀನು ಹಿಡಿದ.

ಸಾಮಾನ್ಯರ ಕೈಗೆ ಇದೆಲ್ಲ ತಲುಪಿದ್ದು 1932ರಲ್ಲಿ ಆಟೊ ಹೆಂಜೆ ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿ ತೆರೆದ ಮೇಲೆ. ಅದರ ಸ್ಕ್ವಿಡರ್ ರೀಲನ್ನು ನಾನು ಇಂದಿಗೂ ಮಾದರಿ ಎಂದೇ ಎಣಿಸುತ್ತೇನೆ. ಒಂದು ತಿರುಪು ಸಡಿಲಿಸಿ ಪಕ್ಕದ ತಟ್ಟೆಯನ್ನು ತುಸು ತಿರುಗಿಸಿದರೆ ಸಾಕು, ಉರುಳೆ ಹೊರಬರುತ್ತದೆ. ಮರಳು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ದಡದಲ್ಲೇ ಮತ್ತೆ ಜೋಡಿಸಬಹುದು.

ನೈಲಾನ್ ದಾರ ಬಂದದ್ದೇ ಹೊಸ ತಲೆನೋವು ಶುರುವಾಯಿತು. ಅಗಸೆನಾರಿನ ದಾರವನ್ನು ದಿನವೂ ಒಣಗಿಸುವ ಕಷ್ಟ ತಪ್ಪಿತು, ನಿಜ. ಆದರೆ ಬಿಗಿಯಾಗಿ ಸುತ್ತಿದ ತಂಗೂಸಿ ಒಳಗೊಳಗೇ ಕುಗ್ಗಿ ಪ್ಲಾಸ್ಟಿಕ್ ಉರುಳೆಗಳನ್ನು ಸೀಳಿಬಿಡುತ್ತಿತ್ತು. ಲೋಹದ ಉರುಳೆ ಗಟ್ಟಿ, ಆದರೆ ಭಾರ. ಎಸೆದಾಗ ನಿಲ್ಲದೆ ತಿರುಗಿ ದಾರವೆಲ್ಲ ಸಿಕ್ಕಾಗುತ್ತದೆ. ಸ್ವೀಡನ್ನಿನ ಆಬು ಕಂಪನಿ 1950ರ ದಶಕದ ಅಂಬಾಸಡರ್ ರೀಲುಗಳಲ್ಲಿ ಕೇಂದ್ರಾಪಗಾಮಿ ಬ್ರೇಕಿನಿಂದ ಆ ಓಟಕ್ಕೆ ಕಡಿವಾಣ ಹಾಕಿತು. ದಾರವನ್ನು ಸಮವಾಗಿ ಹರಡುವ ಆ ರೀಲುಗಳ ತಿರುಪುಗಂಬ ಮಾತ್ರ ಮರಳಿಗೆ ಸಿಕ್ಕಿ ಸವೆಯುತ್ತಿತ್ತು. ಬ್ರಿಟನ್ನಿನ ದಡದ ಬೇಟೆಗಾರರು ಅದಿಲ್ಲದ ಮಾದರಿಗಳನ್ನೇ ಮೆಚ್ಚಿದರು.

ಉರುಳೆ ತಿರುಗದೆಯೇ ದಾರ ಬಿಡುವ, ಕಲಿಯಲು ಸುಲಭವಾದ ಸ್ಪಿನ್ನಿಂಗ್ ರೀಲು ಹೆಚ್ಚಿನ ದಡಗಳನ್ನು ಗೆದ್ದಿತು. ಉತ್ತರ ಕ್ಯಾರೊಲಿನಾದ ಹ್ಯಾಟರಸ್‌ನಂಥ ಕಡೆ ಮಾತ್ರ ಹಳೆಯ ಬಗೆ ಉಳಿಯಿತು. ಅಲ್ಲಿ ರೆಡ್ ಡ್ರಮ್ ಮೀನಿಗಾಗಿ 8 ಔನ್ಸ್ ಸೀಸಕ್ಕೆ ಮೀನಿನ ತುಂಡನ್ನೂ ಸೇರಿಸಿ ಎಸೆಯಬೇಕು, ಆ ಭಾರಕ್ಕೆ ಹಳೆಯ ರೀಲೇ ಒಗ್ಗುತ್ತದೆ. ಪಕ್ಕದ ಏವನ್‌ನಲ್ಲೇ 1984ರಲ್ಲಿ 94 ಪೌಂಡಿನ ವಿಶ್ವದಾಖಲೆಯ ಮೀನು ಸಿಕ್ಕಿತು. ಡೈವಾ ಕಂಪನಿಯ ಸೀಲೈನ್ ರೀಲುಗಳು ಇಂಥ ದಡಗಳಲ್ಲಿ ಹೆಸರು ಮಾಡಿದವು. ಈಚೆಗೆ ಅಲ್ಯೂಮಿನಿಯಂ ದಿಮ್ಮಿಯಿಂದ ಒಂದೇ ತುಂಡಾಗಿ ಕೊರೆದ ಚೌಕಟ್ಟುಗಳು ಬಂದಿವೆ. ಅವು ಬಗ್ಗುವುದಿಲ್ಲ, ಆದರೆ ಸ್ಟೀಲಿನ ತಿರುಪು ಅಲ್ಯೂಮಿನಿಯಮ್ಮಿಗೆ ತಾಗುವಲ್ಲಿ ಉಪ್ಪುನೀರು ನಿಂತರೆ ಬಿಳಿ ಪುಡಿ ಏಳುತ್ತದೆ, ತಿರುಪು ಕಚ್ಚಿಕೊಳ್ಳುತ್ತದೆ. ಗ್ರ್ಯಾಫೈಟ್ ಚೌಕಟ್ಟಿಗೆ ಆ ಭಯವಿಲ್ಲ, ಭಾರಿ ಎಳೆತಕ್ಕೆ ಅದು ಓಲಾಡುತ್ತದೆ. ಕ್ರೋಮ್ ಲೇಪದ ಹಿತ್ತಾಳೆಯಾದರೆ ಲೇಪ ಎದ್ದಲ್ಲೆಲ್ಲ ಕಿಲುಬು.

ಕೊಳ್ಳುವಾಗ ಬೇರಿಂಗ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಪ್ರತಿ ಬೇರಿಂಗೂ ಉಪ್ಪು ಕೂರುವ ಇನ್ನೊಂದು ಜಾಗ. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವುದು ಯಾವುದೆಂದು ಮೊದಲು ಕೇಳಿ. ರೋಲರ್ ಕ್ಲಚ್ ಒಂದೇ ಇದ್ದರೆ, ಉಪ್ಪು ಬೆರೆತ ಗ್ರೀಸು ಅಂಟಿಕೊಂಡ ದಿನ ಅದು ದೊಡ್ಡ ಮೀನಿನೆದುರೇ ಜಾರುತ್ತದೆ. ಜೊತೆಗೆ ಲೋಹದ ಹಲ್ಲುಚಕ್ರವೂ ಅದನ್ನು ಕಚ್ಚಿ ಹಿಡಿಯುವ ಕೊಕ್ಕೆಯೂ ಇರಲೇಬೇಕು. ಡ್ರ್ಯಾಗಿಗೆ ಗ್ರೀಸು ಸವರಿದ ಕಾರ್ಬನ್ ವಾಷರ್ ಒಳ್ಳೆಯದು. ಬಿಡಿಭಾಗ ಹತ್ತು ವರ್ಷದ ನಂತರವೂ ಸಿಗುವ ಮಾದರಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಬಳಸಿದ ಮೇಲೆ ಡ್ರ್ಯಾಗ್ ಬಿಗಿಮಾಡಿ ಸಿಹಿನೀರು ಮೆಲ್ಲಗೆ ಹಾಯಿಸಿ, ಒರೆಸಿ, ಒಣಗುವಾಗ ಡ್ರ್ಯಾಗ್ ಸಡಿಲ ಬಿಡಿ. ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಹೊರಗಿನ ಉಪ್ಪು ಒಳಗೆ ಹೋಗುತ್ತದೆ.