ಹುಳುಕು ಹಲ್ಲಿನಲ್ಲಿ ನಿಜವಾಗಿಯೂ ಹುಳು ಇರುತ್ತದೆಯೇ?

‘7000 ವರ್ಷಗಳ ಹಿಂದೆಯೇ ಹಲ್ಲಿನ ಹುಳುವನ್ನು ಕಂಡುಹಿಡಿದಿದ್ದರು, ಮಣ್ಣಿನ ಹಲಗೆಯೇ ಸಾಕ್ಷಿ’ ಎಂಬ ಮಾತು ಅಂತರ್ಜಾಲದಲ್ಲಿ ಹಲವು ಕಡೆ ಸಿಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಇದನ್ನು ಸುಲಭವಾಗಿ ನಂಬಿಬಿಡಬಹುದು. ನಾಗನೂರಿನಂಥ ಊರಲ್ಲಿ ದವಡೆ ಹಿಡಿದು ಕೂತವರನ್ನು ಕೇಳಿ ನೋಡಿ, ‘ಹಲ್ಲಾಗ ಹುಳ ಬಿದ್ದಾವ್ರಿ’ ಅನ್ನುತ್ತಾರೆ. ಹಲಗೆ ಇರುವುದು ನಿಜ. ಅದರ ವಯಸ್ಸು ಮತ್ತು ಹುಳುವಿನ ಮಾತು ಮಾತ್ರ ತಪ್ಪು.

ಹಲಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂದಿನ ಇರಾಕ್‌ನಲ್ಲಿದ್ದ ಬ್ಯಾಬಿಲೋನಿಯಾದಲ್ಲಿ, ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ, ಇನ್ನೂ ಹಳೆಯ ಹಲಗೆಯೊಂದನ್ನು ನೋಡಿ ಇದನ್ನು ನಕಲು ಮಾಡಲಾಗಿತ್ತು. ಆದರೆ 7000 ವರ್ಷ ಸಾಧ್ಯವೇ ಇಲ್ಲ. ಆ ನಾಡಿನಲ್ಲಿ ಬರವಣಿಗೆ ಶುರುವಾಗಿದ್ದೇ ಸುಮಾರು 5300 ವರ್ಷಗಳ ಹಿಂದೆ.

ಅದರಲ್ಲಿರುವ ಕಥೆ ಹೀಗಿದೆ. ಅನು ಎಂಬ ದೇವರು ಆಕಾಶವನ್ನು ಸೃಷ್ಟಿಸಿದ. ಆಕಾಶದಿಂದ ಭೂಮಿ, ಭೂಮಿಯಿಂದ ನದಿ, ನದಿಯಿಂದ ಕಾಲುವೆ, ಕಾಲುವೆಯಿಂದ ಕೆಸರು, ಕೆಸರಿನಿಂದ ಹುಳು ಹುಟ್ಟಿತು. (ಘಟಪ್ರಭಾ ಕಾಲುವೆಯ ದಂಡೆಯಲ್ಲಿರುವವರಿಗೆ ಈ ಸರಣಿ ಅಷ್ಟೇನೂ ವಿಚಿತ್ರ ಅನಿಸಲಿಕ್ಕಿಲ್ಲ.) ಹುಳು ಅಳುತ್ತ ಹೋಗಿ, ಸೂರ್ಯದೇವ ಶಮಾಶ್ ಮತ್ತು ಜಲದೇವ ಏಯರ ಮುಂದೆ ನಿಂತು, ತಿನ್ನಲು ಏನು ಕೊಡುತ್ತೀರಿ ಎಂದು ಕೇಳಿತು. ಮಾಗಿದ ಅಂಜೂರ ಕೊಡುತ್ತೇವೆ ಅಂದರೆ ಅದಕ್ಕೆ ಬೇಡ, ಹಲ್ಲು-ದವಡೆಯ ನಡುವೆ ಇದ್ದು ರಕ್ತ ಹೀರಬೇಕೆಂಬ ಹಟ. ಹಾಗೆ ಕೇಳಿದ ತಪ್ಪಿಗೆ ಅದಕ್ಕೆ ಶಾಪ. ಕೊನೆಯಲ್ಲಿ ಮದ್ದು ಇದೆ: ಬಿಯರ್, ಎಣ್ಣೆ, ಒಂದು ಗಿಡಮೂಲಿಕೆ ಬೆರೆಸಿ, ಮಂತ್ರವನ್ನು ಮೂರು ಸಲ ಹೇಳಿ ಹಲ್ಲಿಗೆ ಹಚ್ಚಬೇಕು. ಅಂದರೆ ಇದು ಹಲ್ಲುನೋವಿಗೆ ಹಾಕುವ ಮಂತ್ರ, ಯಾರೋ ಹುಳುವನ್ನು ಕಂಡು ಬರೆದಿಟ್ಟ ವರದಿ ಅಲ್ಲ.

ನಂಬಿಕೆ ಅವರದ್ದಷ್ಟೇ ಆಗಿರಲಿಲ್ಲ. ಸುಶ್ರುತ ಸಂಹಿತೆಯಲ್ಲೂ ‘ಕೃಮಿದಂತಕ’ ಎಂಬ ರೋಗವಿದೆ. ನಮ್ಮ ‘ಹುಳುಕು’ ಪದದಲ್ಲೇ ಹುಳು ಕೂತಿದೆ. ತೂತು ಬಿದ್ದ ಹಲ್ಲು ಹುಳು ತಿಂದ ಜೋಳದ ಕಾಳಿನಂತೆಯೇ ಕಾಣುತ್ತದಲ್ಲ!

ಆ ತೂತು ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆ, ಬೆಲ್ಲವನ್ನು ಅವು ಆಮ್ಲವಾಗಿ ಬದಲಿಸುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರವನ್ನು ಕರಗಿಸುತ್ತದೆ. ಡಬ್ಲ್ಯೂ.ಡಿ. ಮಿಲ್ಲರ್ ಎಂಬ ದಂತವೈದ್ಯ 1890ರಲ್ಲಿ ಇದನ್ನು ವಿವರಿಸಿದರು. ಗೋಕಾಕದ ಕರದಂಟು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ದಿನವಿಡೀ ಸ್ವಲ್ಪ ಸ್ವಲ್ಪ ಸಿಹಿ, ಪದೇ ಪದೇ ಸಕ್ಕರೆ ಚಹಾ, ರಾತ್ರಿ ಹಲ್ಲುಜ್ಜದೆ ಮಲಗುವುದು ಈ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಹಾಗಾದರೆ ಹೊಗೆ ಹಾಕಿದಾಗ ಬೀಳುವ ಹುಳುಗಳು? ನೆಲಗುಳ್ಳ ಅಥವಾ ಖುರಾಸಾನಿ ಅಜವಾನದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಕೊಡುವುದು ಹಳೆಯ ಪದ್ಧತಿ. ಎರಡೂ ಬದನೆ ಕುಟುಂಬದ ಗಿಡಗಳು. ಖುರಾಸಾನಿ ಅಜವಾನದ ಬೀಜ ಬಿಸಿಗೆ ಒಡೆದಾಗ ಒಳಗಿನ ಬಿಳಿ, ಡೊಂಕು ಮೊಳಕೆ ಹೊರಬರುತ್ತದೆ, ನೋಡಲು ಥೇಟ್ ಹುಳು. ಜರ್ಮನಿಯ ಶೆಫರ್ 1757ರಲ್ಲೇ ಈ ಗುಟ್ಟನ್ನು ಬಯಲು ಮಾಡಿದ್ದರು. ಎದುರಿಗೆ ಯಾರ ಬಾಯಿ ಇಲ್ಲದಿದ್ದರೂ ಆ ‘ಹುಳು’ ಬರುತ್ತದೆ. ಮೇಲಾಗಿ ಈ ಬೀಜ ವಿಷಕಾರಿ, ಅದರ ಹೊಗೆ ಕುಡಿಯಬಾರದು.

‘ಹೊಗೆ ಹಾಕಿಸಿದ ಮೇಲೆ ನೋವು ಹೋಯ್ತು’ ಅನ್ನುವವರಿದ್ದಾರೆ. ಅಪಾಯ ಇರುವುದು ಇಲ್ಲೇ. ಹಲ್ಲಿನ ಒಳಗಿನ ನರ ಸತ್ತಾಗಲೂ ನೋವು ತಾನಾಗಿ ನಿಲ್ಲುತ್ತದೆ, ಸೋಂಕು ಮಾತ್ರ ಬೇರಿನ ತುದಿ ದಾಟಿ ದವಡೆಗೆ ಇಳಿಯುತ್ತಿರುತ್ತದೆ. ತೂತು ಚಿಕ್ಕದಿದ್ದಾಗಲೇ ದಂತವೈದ್ಯರ ಬಳಿ ಹೋದರೆ ಸಿಮೆಂಟ್ ತುಂಬಿಸಿ ಮುಗಿಸಬಹುದು. ತಡವಾದರೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಮುಖ ಅಥವಾ ಕುತ್ತಿಗೆ ಬಾತು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮರುದಿನದವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.