ನವುಲೆ ಸೀಮೆಯ ಬಚ್ಚಲುಮನೆ

ಅರೆಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲು ಇರುತ್ತಿದ್ದುದು ಹಿಂಬದಿಯಲ್ಲಿ, ಹಿತ್ತಲ ಬಾಗಿಲಿಗೆ ಅಂಟಿಕೊಂಡು. ಬಾವಿ ಹತ್ತಿರವಿರಬೇಕು, ಕೊಳೆನೀರು ತಾನಾಗಿ ಹಿತ್ತಲಿಗೆ ಹರಿಯಬೇಕು, ಹೊಗೆ ಒಳಮನೆಗೆ ನುಗ್ಗಬಾರದು. ಇಷ್ಟನ್ನು ನೋಡಿಯೇ ಅದರ ಜಾಗ ಗೊತ್ತು ಮಾಡುತ್ತಿದ್ದರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನವುಲೆ ಇಂದು ಮಹಾನಗರ ಪಾಲಿಕೆಯೊಳಗಿನ ಬಡಾವಣೆ; ಮೊದಲು ಅದು ಕೆರೆ, ಗದ್ದೆಗಳ ಹಳ್ಳಿ. ಬಚ್ಚಲು ಹಿತ್ತಲಿನಿಂದ ಮನೆಯೊಳಕ್ಕೆ ಸರಿದ ಬಗೆಯನ್ನು ಇಂಥ ಊರುಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು.

ನೀರಿನ ದಾರಿಯನ್ನು ಮೊದಲೇ ಯೋಚಿಸಿ ಕಟ್ಟುವುದು ಈ ಜಿಲ್ಲೆಗೆ ಹೊಸತಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಕೆಳದಿ ಅರಸರ ಅರಮನೆಯ ಅವಶೇಷಗಳನ್ನು ಬಿಡಿಸಿದಾಗ, ಐದು ಉರಿಯ ಕಲ್ಲೊಲೆಯಿರುವ ಅಡುಗೆಮನೆಯ ಜೊತೆಗೆ ನೀರು ಸಲೀಸಾಗಿ ಹೊರಹೋಗುವಂತೆ ಕಟ್ಟಿದ ಸ್ನಾನದ ಮನೆಯೂ ಕಂಡಿತು. ರೈತರ ಮನೆಯಲ್ಲಿ ಕೆಲಸ ಇದೇ, ಸಾಮಗ್ರಿ ಮಾತ್ರ ಸರಳ: ಒಂದೆರಡು ಹಾಸುಗಲ್ಲು, ಒಂದು ಮೋರಿ, ಮೂಲೆಯಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಹೂತ ತಾಮ್ರದ ಹಂಡೆ.

ಈ ಬಚ್ಚಲೊಲೆಯ ಜಾಣ್ಮೆ ಅದರ ಉರುವಲಿನಲ್ಲಿತ್ತು. ದುಡ್ಡು ಕೊಟ್ಟು ತಂದ ಸೌದೆ ಇದಕ್ಕೆ ಬೇಕಿರಲಿಲ್ಲ. ಅಡಿಕೆ ಸಿಪ್ಪೆ, ಒಣಗಿದ ಸೋಗೆ, ಹಾಳೆ, ತೆಂಗಿನ ಗರಿ, ತರಗೆಲೆ ಎಲ್ಲವೂ ಇಲ್ಲೇ ಉರಿದು ಹೋಗುತ್ತಿದ್ದವು. ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಗೋಡೆಯಾಚೆ ಇರುತ್ತಿತ್ತು. ಹೊರಗೆ ನಿಂತು ಉರಿ ಹಾಕಿದರೆ ಒಳಗೆ ನೀರು ಕಾಯುತ್ತಿತ್ತು. ಬೂದಿ ಪಾತ್ರೆ ತಿಕ್ಕಲು, ಉಳಿದದ್ದು ತಿಪ್ಪೆಗೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಒಲೆಯ ಮೇಲ್ಭಾಗದ ಗಳುವಿನಲ್ಲಿ ಒದ್ದೆಬಟ್ಟೆ ಹರವುತ್ತಿದ್ದರು. ಬಚ್ಚಲ ನೀರಿನ ಬಾಯಿಗೆ ಬಾಳೆ, ಕೆಸು. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಇದೇ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡ್ಲೆ ಬಳ್ಳಿ ಸುತ್ತಿ ಪೂಜಿಸುತ್ತಿದ್ದರು. ಈ ರೂಢಿ ಇನ್ನೂ ಉಳಿದಿದೆ. ತಲೆಗೆ ಸೀಗೆಪುಡಿ, ಮತ್ತಿಸೊಪ್ಪಿನ ಗೊಂಪು. ರೇಷ್ಮೆ ಸೀರೆಗೆ ಅಂಟುವಾಳ.

ದಿನದ ಬಟ್ಟೆಯನ್ನು ಹೆಂಗಸರು ಬಾವಿಕಟ್ಟೆಯ ಕಲ್ಲಿನ ಮೇಲೋ ಕೆರೆಯ ದಂಡೆಯಲ್ಲೋ ಒಗೆಯುತ್ತಿದ್ದರು. ದೊಡ್ಡ ಒಗೆತ ಮಡಿವಾಳರದು. ಚೌಳುಮಣ್ಣಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಆಮೇಲೆ ಹೊಳೆಯ ಕಲ್ಲಿಗೆ ಬಡಿಯುತ್ತಿದ್ದರು. ಯಾರ ಮನೆಯ ಬಟ್ಟೆ ಎಂದು ತಿಳಿಯಲು ಕೇರುಬೀಜದ ರಸದ ಗುರುತು. ಆಯಗಾರ ಪದ್ಧತಿಯಲ್ಲಿ ಅವರಿಗೆ ಸಲ್ಲುತ್ತಿದ್ದುದು ಸುಗ್ಗಿಯ ಕಾಳು. ಮನೆಗಳ ಬಟ್ಟೆ ಶುಚಿಯಾಗಿಟ್ಟ ಈ ದುಡಿಮೆಗೆ ಸಿಕ್ಕ ಮರ್ಯಾದೆ ಮಾತ್ರ ಕಡಿಮೆ. ಬಚ್ಚಲ ಚರಿತ್ರೆಯಲ್ಲಿ ಇದನ್ನು ಮರೆಯುವಂತಿಲ್ಲ.

ಬದಲಾವಣೆಯ ಸಾಮಗ್ರಿ ಈ ಜಿಲ್ಲೆಯಲ್ಲೇ ತಯಾರಾಗತೊಡಗಿತು. ಭದ್ರಾವತಿಯಲ್ಲಿ 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಮುಂದೆ ಬೀಡುಕಬ್ಬಿಣದ ಕೊಳವೆಗಳೂ ಸಿಮೆಂಟೂ ಹೊರಬಂದವು. 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳಕ್ಕೆ ಮಲೆನಾಡಿನ ನಂಟು ಗಟ್ಟಿಯಾಯಿತು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಕೆಲಸ ಶುರುಮಾಡಿದರೂ ಹಂಡೆಯ ಜಾಗಕ್ಕೆ ಗೀಸರ್ ಬರಲು ದಶಕಗಳೇ ಹಿಡಿದವು. ಹಾಸುಗಲ್ಲಿನ ಬದಲು ಗಾರೆ, ರೆಡ್ ಆಕ್ಸೈಡ್ ನೆಲ ಬಂತು. 1980ರ ದಶಕದಲ್ಲಿ ಅಬ್ದುಲ್ ನಜೀರ್‌ಸಾಬ್ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಹಳ್ಳಿಗೆ ಕೊಳವೆಬಾವಿ ತಲುಪಿತು; ಜನ ಅವರನ್ನು ನೀರ್‌ಸಾಬ್ ಎಂದೇ ಕರೆದರು. ನೀರು ಮನೆಯ ಬಾಗಿಲಿಗೆ, ಆಮೇಲೆ ನಲ್ಲಿಯಲ್ಲಿ ಒಳಗೇ ಬಂದ ಮೇಲೆ ಬಚ್ಚಲು ಬಾವಿಯ ಪಕ್ಕದಲ್ಲೇ ಇರಬೇಕಾದ ಕಾರಣ ಉಳಿಯಲಿಲ್ಲ.

1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಕೃಷಿ ಕಾಲೇಜು, ಕ್ರಿಕೆಟ್ ಕ್ರೀಡಾಂಗಣ ಇವುಗಳ ಸುತ್ತ ನವುಲೆ ಬೆಳೆಯಿತು. ಸೈಟಿನ ಅಳತೆಗೆ ಕಟ್ಟಿದ ಮನೆಗಳಲ್ಲಿ ಹಿತ್ತಲೆಂಬುದು ಕಿರಿದಾಗಿ, ಸ್ನಾನ, ಶೌಚ ಎರಡೂ ಒಂದೇ ಕೋಣೆಗೆ ಬಂದವು. ಒಗೆಯುವ ಕಲ್ಲು ಕಾಂಪೌಂಡಿನ ಮೂಲೆಗೋ ತಾರಸಿಗೋ ಹೋಯಿತು. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು.

ಬಡಾವಣೆ ಬೆಳೆಯತೊಡಗಿದ ಕಾಲದ ಮನೆಗಳು ಈಗ ದುರಸ್ತಿಗೆ ಬಂದಿವೆ. ಜಿಐ ಪೈಪು ಒಳಗೊಳಗೇ ತುಕ್ಕು ಹಿಡಿದು ನೀರಿನ ರಭಸ ಇಳಿಯುತ್ತದೆ, ಗೋಡೆಯ ಆಚೆಬದಿಯಲ್ಲಿ ತೇವ ಕಾಣಿಸುತ್ತದೆ. ಕಡಿಮೆ ಖರ್ಚಿನಲ್ಲಿ ಮುಗಿಯಬೇಕೆಂದರೆ ಕಮೋಡು ಮತ್ತು ಮೋರಿಯ ಜಾಗ ಕದಲಿಸಬಾರದು. ಅದನ್ನು ಸರಿಸಿದರೆ ನೆಲವೆಲ್ಲ ಅಗೆಯಬೇಕಾಗುತ್ತದೆ. ಟೈಲ್ಸಿನ ಅಂದಕ್ಕಿಂತ ಅದರ ಅಡಿಯ ವಾಟರ್‌ಪ್ರೂಫಿಂಗ್ ಮುಖ್ಯ. ಗಾರೆಯವರು ಮೋರಿಯ ಕಡೆಗೆ ಸರಿಯಾಗಿ ವಾಟ ಕೊಟ್ಟು, ಟೈಲ್ಸ್ ಕೂರಿಸುವ ಮುನ್ನ ಕಿಂಡಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಿದರೆ ಸೋರುವುದು ಆಗಲೇ ಗೊತ್ತಾಗುತ್ತದೆ. ಬಿಸಿನೀರಿಗೆ ಸಿಪಿವಿಸಿ ಪೈಪು, ಬಾಗಿಲಿಗೆ ಪಿವಿಸಿ, ಸಾಮಾನಿಡಲು ಕಡಪ ಕಲ್ಲಿನ ಹಲಗೆ ಸಾಕು. ವಾಷಿಂಗ್ ಮಷಿನ್ನಿಗೆ ಬೇರೆ ಕೋಣೆ ಕಟ್ಟಬೇಕಿಲ್ಲ. ಹಿಂಬದಿಯ ಒಗೆಯುವ ಕಲ್ಲಿನ ಪಕ್ಕ ಒಂದು ನಲ್ಲಿ, ಒಂದು ಪ್ಲಗ್ಗು, ಮೇಲೊಂದು ಶೀಟು ಹಾಕಿದರೆ ಅಲ್ಲಿರುವ ಮೋರಿಯೇ ಅದರ ನೀರಿಗೂ ಆಗುತ್ತದೆ.